ಕೊಡೆಯಿಲ್ಲದ ಅಣಬೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲದಲ್ಲಿ ತಲೆಯೆತ್ತುವ ಕೊಡೆಯನ್ನೇ ನಾವು ಅಣಬೆಯೆನ್ನುತ್ತೇವೆ. ನಿಜವಾಗಿ ಅದು ಮರದ ಹಣ್ಣಿದ್ದಂತೆ. ಮರವೆನ್ನಬೇಕಾದುದು ಮಣ್ಣಿನೊಳಗೆ, ಕೊಳೆತ ದಿಮ್ಮಿಯೊಳಗೆ ನವುರಾದ ಎಳೆಗಳ ಬಲೆಯಾಗಿ ಹರಡಿರುತ್ತದೆ. ಇದಕ್ಕೆ ಕವಕಜಾಲವೆಂದು ಹೆಸರು. ಕೊಡೆ ಮೂಡಲು ತಿಂಗಳುಗಟ್ಟಲೆ ಹಿಡಿಯುವ ಕೆಲವು ಔಷಧಿ ಅಣಬೆಗಳ ಎಳೆಗಳನ್ನು ಸಿಹಿನೀರಿನಲ್ಲಿ ಒಂದೆರಡು ವಾರಗಳಲ್ಲೇ ಬೆಳೆಸಬಹುದು.

ಪುಣೆಯಲ್ಲಿ ದುಡಿಯುವ ನಮಗೆ ಇಂಥ ಕೆಲಸ ತೀರ ಅಪರಿಚಿತವಲ್ಲ. ಪಿಂಪ್ರಿಯ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ 1954ರಲ್ಲಿ ಸ್ಥಾಪಿತವಾಗಿ ಮರುವರ್ಷ ಪೆನಿಸಿಲಿನ್ ತಯಾರಿಸತೊಡಗಿದಾಗ, ಅಲ್ಲಿನ ತೊಟ್ಟಿಗಳಲ್ಲಿ ಬೆಳೆದದ್ದೂ ಬೂಷ್ಟಿನ ಎಳೆಗಳೇ.

ಸಕ್ಕರೆ, ಯೀಸ್ಟಿನ ಸಾರ, ಲವಣಗಳನ್ನು ಕದಡಿದ ನೀರನ್ನು 121 ಡಿಗ್ರಿ ಸೆಂಟಿಗ್ರೇಡಿನ ಹಬೆಯಲ್ಲಿ ಕಾಯಿಸಿ, ಸುಮಾರು 25 ಡಿಗ್ರಿಗೆ ಆರಿಸುತ್ತಾರೆ. ಗಾಜಿನ ಶೀಸೆಯಲ್ಲಿ ಬೆಳೆಸಿಟ್ಟ ಶುದ್ಧ ತಳಿಯನ್ನು ಹಾಲಿಗೆ ಹೆಪ್ಪು ಹಾಕುವಂತೆ ಅದಕ್ಕೆ ಸೇರಿಸುತ್ತಾರೆ. ಎಳೆಗಳೂ ಉಸಿರಾಡುವುದರಿಂದ ಶೋಧಿಸಿದ ಗಾಳಿಯನ್ನು ತಳದಿಂದ ಊದಬೇಕು. ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಇಮ್ಮಡಿಸಬಲ್ಲದು. ಅಣಬೆಗೆ ಹಲವು ಗಂಟೆ ಬೇಕು. ಒಂದು ಕವಾಟ ಸಡಿಲವಾದರೂ ಇಡೀ ತೊಟ್ಟಿ ಕೆಟ್ಟೀತು. ದ್ರವ ಗಂಜಿಯಂತೆ ಮಂದವಾದರೆ ಗಾಳಿ ಆಡದು. ಬಿರುಸಾಗಿ ಕಡೆದರೆ ಎಳೆ ತುಂಡಾಗುತ್ತದೆ. ರಾತ್ರಿಪಾಳಿಯವನ ಕಣ್ಣು ಮಾಪಕದ ಮೇಲಿರಬೇಕಾದುದು ಅದಕ್ಕಾಗಿಯೇ.

ಕೊನೆಗೆ ಶೋಧಿಸಿ, ಎಳೆಗಳಿಂದ ಬಿಸಿನೀರಿನಲ್ಲಿ ಸಾರ ತೆಗೆಯುತ್ತಾರೆ. ಉಳಿದ ದ್ರವಕ್ಕೆ ಆಲ್ಕೋಹಾಲ್ ಬೆರೆಸಿದರೆ ಪಾಲಿಸ್ಯಾಕರೈಡ್ ಗರಣೆಗಟ್ಟುತ್ತದೆ. ಜಪಾನಿನಲ್ಲಿ 1977ರಲ್ಲಿ ಒಪ್ಪಿಗೆ ಪಡೆದ ಕ್ರೆಸ್ಟಿನ್ ಎಂಬ ಔಷಧ ಮೊದಲ ಬಗೆಯದು. ಸಾಮಾನ್ಯವಾಗಿ ನಮ್ಮಲ್ಲೂ ಒಣದಿಮ್ಮಿಗಳ ಮೇಲೆ ಏಳುವ ಬೀಸಣಿಗೆಯಂಥ ಬಿಳಿ ಅಣಬೆಯಿಂದ ಅಲ್ಲಿ ತಯಾರಾದ ಸೈಜೋಫಿಲನ್ ಎರಡನೆಯ ಬಗೆಯದು.

ಬಾಂಧವರೇ, ಮುಖ್ಯ ಮಾತು ಇಲ್ಲಿದೆ. ಈ ಔಷಧಗಳನ್ನು ಜಪಾನಿನ ವೈದ್ಯರು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟದ್ದು ಮುಖ್ಯ ಚಿಕಿತ್ಸೆಗೆ ಬದಲಾಗಿ ಅಲ್ಲ, ಅದರ ಜೊತೆಗೆ ಒತ್ತಾಸೆಯಾಗಿ. ಕ್ರೆಸ್ಟಿನ್ ಮಾರಾಟ ಅಲ್ಲಿ ಈಗ ನಿಂತೇಹೋಗಿದೆ. ಹೀಗಿರುವಾಗ ಅಣಬೆಯ ಪುಡಿಯೊಂದೇ ಕ್ಯಾನ್ಸರನ್ನು ವಾಸಿಮಾಡುವುದೆಂದು ಹೇಳಿ ಮಾರುವವರ ಮಾತನ್ನು ನಾವು ನಂಬುವುದು ಹೇಗೆ? ಕೊಡೆಯಲ್ಲಿರುವುದೆಲ್ಲ ಎಳೆಯಲ್ಲಿ ಅಷ್ಟೇ ಪ್ರಮಾಣದಲ್ಲಿ ಇರುವುದಿಲ್ಲ. ಧಾನ್ಯದ ಮೇಲೆ ಬೆಳೆಸಿ ಧಾನ್ಯಸಮೇತ ಅರೆದ ಪುಡಿಯಲ್ಲಿ ಹಿಟ್ಟಿನ ಪಾಲೂ ಇರುತ್ತದೆ. ಚೀಟಿ ಓದಿ, ತಳಿ ಯಾವುದು, ಸಾರ ಎಷ್ಟು ಎಂದು ಕೇಳುವುದು ಕೊಳ್ಳುವವರ ಹಕ್ಕು.

ತೊಟ್ಟಿಯ ವಿದ್ಯೆ ದೊಡ್ಡದು. ಅದನ್ನು ನಮ್ಮ ಮಕ್ಕಳು ಕಲಿಯಲಿ. ಆದರೆ ಮನೆಯಲ್ಲಿ ಯಾರಿಗಾದರೂ ಗಂಟು ಕಾಣಿಸಿಕೊಂಡರೆ, ರಕ್ತ ಸೋರಿದರೆ, ಬಳೆ ಮಾರಿ ಡಬ್ಬಿ ತರುವುದು ಬೇಡ. ಇ.ಎಸ್.ಐ. ಹಕ್ಕುಳ್ಳವರು ಅದೇ ವಾರ ಆ ಆಸ್ಪತ್ರೆಗೆ ಹೋಗಲಿ, ಉಳಿದವರು ಸರಕಾರಿ ಆಸ್ಪತ್ರೆಗೆ ಹೋಗಲಿ. ದಾರಿ ತಿಳಿಯದವರಿಗೆ ಜೊತೆಯಾಗಿ ಹೋಗುವುದು ಸಂಘದವರಾದ ನಮ್ಮೆಲ್ಲರ ಕರ್ತವ್ಯ.