ಮನೆ ಮೇಲಿನ ಆಕಾಶ ಯಾರದ್ದು?



ಸನ್ನಿವೇಲ್, ಮೌಂಟನ್ ವ್ಯೂ, ಕುಪರ್ಟಿನೊ ಕಡೆ ಬೆಳೆದವರಿಗೆ ಇದು ಗೊತ್ತು. ಚಳಿಗಾಲದಲ್ಲಿ ಮೋಡ ಕವಿದ ದಿನ ವಿಮಾನಗಳು ಒಂದರ ಹಿಂದೆ ಒಂದು ತಲೆ ಮೇಲೇ ಇಳಿದು ಬರುತ್ತವೆ. ಊರಿಂದ ಬಂದ ಅಜ್ಜಿ ಇದ್ದರಂತೂ ಕೇಳಿಯೇ ಕೇಳುತ್ತಾರೆ, "ಏನೋ ಇದು, ತಾರಸಿಗೇ ತಾಗೋ ಹಾಗೆ ಹೋಗ್ತಿದೆ, ಹೇಳೋರು ಕೇಳೋರು ಯಾರೂ ಇಲ್ವಾ?"

ಇದ್ದಾರೆ. ಎಫ್‌ಎಎ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಅದರ 91.119 ಅನ್ನುವ ನಿಯಮ ಇದೆ. ಜನವಸತಿ ದಟ್ಟವಾಗಿರುವ ಕಡೆ, ಸುತ್ತಲಿನ 2,000 ಅಡಿಯೊಳಗೆ ಅತಿ ಎತ್ತರದ ಕಟ್ಟಡ ಯಾವುದೋ ಅದಕ್ಕಿಂತ 1,000 ಅಡಿ ಮೇಲೆ ಹಾರಬೇಕು. ಜನ ಕಡಿಮೆ ಇರುವ ಕಡೆ 500 ಅಡಿ ಸಾಕು. ಹೆಲಿಕಾಪ್ಟರ್‌ಗೆ ಸಡಿಲ ಹೆಚ್ಚು: ಕೆಳಗಿರುವವರಿಗೆ ಅಪಾಯ ಆಗದಿದ್ದರೆ ಇನ್ನೂ ಕೆಳಗೆ ಬರಬಹುದು.

ಆದರೆ ಇದೇ ನಿಯಮದ ಶುರುವಿನಲ್ಲೇ ಒಂದು ಮಾತಿದೆ: ಏರುವುದಕ್ಕೆ, ಇಳಿಯುವುದಕ್ಕೆ ಅಗತ್ಯವಾದಾಗ ಇದು ಅನ್ವಯಿಸುವುದಿಲ್ಲ. ನಮ್ಮ ತಕರಾರೆಲ್ಲ ಇರುವುದು ಇಳಿಯುವ ವಿಮಾನಗಳ ಬಗ್ಗೆಯೇ. ಸಾಮಾನ್ಯವಾಗಿ ವಿಮಾನ ಮೈಲಿಗೆ ಸುಮಾರು 300 ಅಡಿಯಂತೆ ಇಳಿಯುತ್ತದೆ. ರನ್‌ವೇಯಿಂದ ಐದು ಮೈಲಿ ದೂರದ ಮನೆ ಮೇಲೆ ಅದು 1,500 ಅಡಿಯ ಆಸುಪಾಸಿನಲ್ಲಿದ್ದರೆ ಪೈಲಟ್‌ನದು ತಪ್ಪೇನಿಲ್ಲ. "ಇಷ್ಟು ಕೆಳಗೆ ಹಾರೋದು ಕಾನೂನುಬಾಹಿರ" ಎಂದು ಬರೆದ ದೂರು ಅಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಮಳೆ ದಿನವೇ ಯಾಕೆ? ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಸಾನ್ ಹೋಸೆಯಲ್ಲಿ ಸಾಮಾನ್ಯವಾಗಿ ಗಾಳಿ ವಾಯವ್ಯದಿಂದ ಬೀಸುತ್ತದೆ, ಆದ್ದರಿಂದ ವಿಮಾನಗಳು ಡೌನ್‌ಟೌನ್ ಮೇಲೆ ಹಾದು ಇಳಿಯುತ್ತವೆ. ಬಿರುಗಾಳಿ ಮಳೆ ಬಂದಾಗ ಗಾಳಿ ದಕ್ಷಿಣಕ್ಕೆ ತಿರುಗಿ ದಿಕ್ಕೆಲ್ಲ ಉಲ್ಟಾ. ಇದಕ್ಕೆ ಸೌತ್ ಫ್ಲೋ ಅನ್ನುತ್ತಾರೆ. ಇದರ ಬಗ್ಗೆ ಸುತ್ತಲಿನ ಊರುಗಳ ಸಲಹಾ ಸಮಿತಿಯೊಂದು ಕೂತು 2018ರಲ್ಲಿ ವರದಿ ಕೊಟ್ಟಿತು. ನಾವು ವರ್ಷಕ್ಕೆ ಕೆಲವು ದಿನ ಕೇಳುವ ಸದ್ದನ್ನು ಡೌನ್‌ಟೌನ್ ಸಾನ್ ಹೋಸೆಯವರು ಹೆಚ್ಚುಕಡಿಮೆ ದಿನಾ ಕೇಳುತ್ತಾರೆ ಅನ್ನುವುದನ್ನು ನಮ್ಮ ಕಡೆಯವರು ಅಷ್ಟಾಗಿ ಹೇಳುವುದಿಲ್ಲ.

ಆಕಾಶ ಯಾರದ್ದು ಅನ್ನುವ ಪ್ರಶ್ನೆ ಒಮ್ಮೆ ಕೋಳಿಗಳಿಂದಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊ ಹತ್ತಿರ ಕಾಸ್ಬಿ ಎಂಬ ದಂಪತಿ ಕೋಳಿ ಸಾಕುತ್ತಿದ್ದರು. ಯುದ್ಧದ ಕಾಲ; ಸೈನ್ಯದ ವಿಮಾನಗಳು ಅವರ ಜಮೀನಿನ ಮೇಲೆ 83 ಅಡಿ ಎತ್ತರದಲ್ಲಿ ಇಳಿಯುತ್ತಿದ್ದವು. ಕೋಳಿಗಳು ಬೆದರಿ ಗೋಡೆಗೆ ಡಿಕ್ಕಿ ಹೊಡೆದು ಸತ್ತವು, ಎಲ್ಲ ಸೇರಿ 150ರಷ್ಟು. ಅವರು ಕಸುಬನ್ನೇ ಬಿಡಬೇಕಾಯಿತು. 1946ರಲ್ಲಿ ಕೋರ್ಟ್ ಹೇಳಿದ್ದು ಎರಡು ಮಾತು. ಜಮೀನಿದ್ದವನಿಗೆ ಅದರ ಮೇಲಿನ ಆಕಾಶವೆಲ್ಲ ಸೇರಿದ್ದು ಅನ್ನುವ ಹಳೇ ಕಾಲದ ನಂಬಿಕೆ ಇನ್ನು ನಡೆಯುವುದಿಲ್ಲ. ಆದರೆ ಬದುಕುವುದಕ್ಕೇ ಅಡ್ಡಿಯಾಗುವಷ್ಟು ಕೆಳಗೆ, ಅಷ್ಟು ಪದೇ ಪದೇ ಹಾರಿದರೆ ಸರ್ಕಾರ ಆ ಜಾಗ ಕಿತ್ತುಕೊಂಡ ಹಾಗೆಯೇ, ಪರಿಹಾರ ಕೊಡಬೇಕು.

ಊರಿನ ಸಿಟಿ ಕೌನ್ಸಿಲ್ ಯಾಕೆ ತಡೆಯಬಾರದು? ಬರ್ಬ್ಯಾಂಕ್ ನಗರ ರಾತ್ರಿ ಜೆಟ್ ಹಾರಾಟ ನಿಲ್ಲಿಸಲು ಹೋಗಿ 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ವಿಮಾನದ ವಿಚಾರ ಕೇಂದ್ರದ್ದು ಎಂದಾಯಿತು. ವಿಮಾನ ನಿಲ್ದಾಣಗಳು ಹೊಸ ನಿರ್ಬಂಧ ಹಾಕುವುದನ್ನು 1990ರ ಕಾನೂನು ಇನ್ನೂ ಕಷ್ಟ ಮಾಡಿತು. ಸಾನ್ ಹೋಸೆಯ ರಾತ್ರಿ 11:30ರಿಂದ ಬೆಳಿಗ್ಗೆ 6:30ರ ಕರ್ಫ್ಯೂ ಅದಕ್ಕೂ ಮೊದಲೇ ಇದ್ದದ್ದರಿಂದ ಉಳಿಯಿತು. ಅದನ್ನೂ ಆರಕಲ್ ಕಂಪನಿಯ ಲ್ಯಾರಿ ಎಲಿಸನ್ ಕೋರ್ಟಿಗೆ ಎಳೆದರು. ಆಗ ತಡೆ ಇದ್ದದ್ದು ವಿಮಾನದ ತೂಕ ನೋಡಿ. ತಮ್ಮ ಜೆಟ್ ಭಾರವಿದ್ದರೂ ಸದ್ದು ಕಡಿಮೆ ಎಂದು ವಾದಿಸಿ 2001ರಲ್ಲಿ ಗೆದ್ದರು. ದುಡ್ಡಿದ್ದವರ ಜಗಳ ಅನ್ನಿ, ಆದರೆ ವಾದದಲ್ಲಿ ಹುರುಳಿತ್ತು. ಈಗ ನೋಡುವುದು ಸದ್ದನ್ನೇ.

ಇನ್ನೊಂದು ಕಥೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ವಿಮಾನಗಳದ್ದು. 2015ರಲ್ಲಿ ಎಫ್‌ಎಎ ಉಪಗ್ರಹ ಆಧಾರಿತ ಹೊಸ ದಾರಿ ತಂದಿತು. ವಿಮಾನಗಳು ಕರಾರುವಾಕ್ಕಾಗಿ ಒಂದೇ ಗೆರೆ ಮೇಲೆ ಬರತೊಡಗಿದವು. ಮೊದಲು ಹರಡಿಹೋಗುತ್ತಿದ್ದ ಸದ್ದೆಲ್ಲ ಆ ಗೆರೆ ಕೆಳಗಿನ ಮನೆಗಳ ಪಾಲಾಯಿತು. ಸ್ಯಾಂಟ ಕ್ರೂಜ್ ಬೆಟ್ಟದವರು, ಪ್ಯಾಲೊ ಆಲ್ಟೊದವರು ಎದ್ದು ನಿಂತರು. ಮೂವರು ಸಂಸದರು ಸೇರಿ ಹನ್ನೆರಡು ಸ್ಥಳೀಯ ಪ್ರತಿನಿಧಿಗಳ ಸಮಿತಿ ಮಾಡಿದರು; 2016ರ ಕೊನೆಗೆ ಅದು ಹಳೇ ದಾರಿಗೇ ಮರಳಿ ಎಂದಿತು. ಹಳೇ ದಾರಿ ಕೆಳಗಿದ್ದವರು ಸುಮ್ಮನಿರುತ್ತಾರೆಯೆ? ಸದ್ದು ಮಾಯವಾಗುವುದಿಲ್ಲ, ಪಕ್ಕದ ಬೀದಿಗೆ ಹೋಗುತ್ತದೆ ಅಷ್ಟೆ. ಇಂಥ ಸಭೆಗಳಲ್ಲಿ ಯಾರಿಗೆ ಬಿಡುವಿದೆಯೋ, ಯಾರಿಗೆ ಇಂಗ್ಲಿಷ್ ಸಲೀಸೋ ಅವರ ಮಾತೇ ಹೆಚ್ಚು ಕೇಳಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಪೂರ್ವ ಸಾನ್ ಹೋಸೆಯ ರೀಡ್-ಹಿಲ್‌ವ್ಯೂ ನಿಲ್ದಾಣದ ಸುತ್ತ ದುಡಿಯುವ ಜನ ಹೆಚ್ಚು. ಅಲ್ಲಿ ಪ್ರಶ್ನೆ ಸದ್ದಿನದ್ದಷ್ಟೇ ಅಲ್ಲ, ಸಣ್ಣ ವಿಮಾನಗಳ ಇಂಧನದಲ್ಲಿದ್ದ ಸೀಸ ಮಕ್ಕಳ ರಕ್ತ ಸೇರುವುದರದ್ದು. ಕೌಂಟಿ ಆ ಇಂಧನದ ಮಾರಾಟ ನಿಲ್ಲಿಸಿದ್ದು 2022ರ ಜನವರಿಯಲ್ಲಿ.

ದೂರು ಕೊಡುವುದಾದರೆ ಮನೆಯಲ್ಲಿ ಆ ಕೆಲಸ ನಿಮ್ಮ ತಲೆಗೇ ಬರುತ್ತದೆ, ಗೊತ್ತಲ್ಲ. ತಾರೀಖು, ನಿಮಿಷದ ಸಮೇತ ಸಮಯ, ಯಾವ ಬೀದಿ ಮೇಲೆ, ಯಾವ ದಿಕ್ಕಿಗೆ ಎಂದು ಬರೆದಿಡಿ. ವಿಮಾನ ತೋರಿಸುವ ಆ್ಯಪ್ ಇದ್ದರೆ ಅದರಲ್ಲಿನ ಎತ್ತರವನ್ನೂ ಸೇರಿಸಿ. ಆದರೆ ಅದು ಸಾಮಾನ್ಯವಾಗಿ ಸಮುದ್ರಮಟ್ಟದಿಂದ, ನಿಮ್ಮ ಸೂರಿನಿಂದ ಅಲ್ಲ. ಇಳಿಯುವ ವಿಮಾನದ ಸದ್ದಿಗೆ ಆಯಾ ನಿಲ್ದಾಣದ ನಾಯ್ಸ್ ಆಫೀಸು. ನಿಲ್ದಾಣದಿಂದ ದೂರದಲ್ಲಿ ಯಾರಾದರೂ ಮನೆಗಳ ಮೇಲೆ 1,000 ಅಡಿಗಿಂತ ಕೆಳಗೆ ಸುತ್ತು ಹೊಡೆಯುತ್ತಿದ್ದರೆ ಅದು 91.119ರ ವಿಷಯ, ಎಫ್‌ಎಎಯ ಫ್ಲೈಟ್ ಸ್ಟ್ಯಾಂಡರ್ಡ್ಸ್ ಕಚೇರಿಗೆ ಬರೆಯಿರಿ. ಬಾಲದ ಮೇಲಿನ ಎನ್ ಅಕ್ಷರದ ನಂಬರ್ ಸಿಕ್ಕಿದರೆ ಇನ್ನೂ ಒಳ್ಳೆಯದು.