ಮ್ಯಾಕ್‌ಮನ್ ಕಂಡದ್ದು, ಕೀಲಿನ್ ತೋರಿಸಿದ್ದು



ರಕ್ತದ ಹಿಮೋಗ್ಲೋಬಿನ್ ಬಗ್ಗೆ ನೀವೆಲ್ಲ ಬಲ್ಲಿರಿ. ಅದರೊಳಗೆ, ನಟ್ಟನಡುವೆ ಕಬ್ಬಿಣವನ್ನಿಟ್ಟುಕೊಂಡ ‘ಹೀಮ್’ ಎಂಬ ರಚನೆ ಇದೆ. ಅದೇ ಹೀಮ್ ಇರುವ ಇನ್ನೊಂದು ಪ್ರೋಟೀನು ಬಳಗವೇ ಸೈಟೋಕ್ರೋಮ್‌. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುತ್ತದೆ, ಸೈಟೋಕ್ರೋಮ್ ಎಲೆಕ್ಟ್ರಾನನ್ನು. ಉಂಡ ಅನ್ನದಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದಲ್ಲಿ ಹಂತಹಂತವಾಗಿ ಕೈದಾಟಿ ಕೊನೆಗೆ ಆಮ್ಲಜನಕಕ್ಕೆ ಸೇರುತ್ತವೆ. ಅಲ್ಲಿ ನೀರು ಹುಟ್ಟುತ್ತದೆ. ದಾರಿಯಲ್ಲಿ ಸಿಗುವ ಶಕ್ತಿಯಿಂದ ನಾವು ನಡೆದಾಡುತ್ತೇವೆ, ಯೋಚಿಸುತ್ತೇವೆ.

ಈ ಸೈಟೋಕ್ರೋಮ್ ಕಣ್ಣಿಗೆ ಬಿದ್ದ ಬಗೆಯನ್ನು ಹೇಳಲೇಬೇಕು. ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಕೀಟಗಳನ್ನು ಅಭ್ಯಸಿಸುತ್ತಿದ್ದವರು. ಕುದುರೆಯ ಹೊಟ್ಟೆಯಲ್ಲಿ ಮರಿಹುಳುವಾಗಿ ಬೆಳೆಯುವ ಒಂದು ನೊಣದ ಸ್ನಾಯುವನ್ನು ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡಿದಾಗ ಬೆಳಕಿನಲ್ಲಿ ನಾಲ್ಕು ಕಪ್ಪು ಪಟ್ಟಿಗಳು ಕಂಡವು. ಆಮೇಲೆ ಅವರು ನಳಿಗೆಯೊಂದರಲ್ಲಿ ಯೀಸ್ಟನ್ನು ನೀರಿಗೆ ಹಾಕಿ ಜೋರಾಗಿ ಕುಲುಕಿ ನೋಡಿದರು. ಪಟ್ಟಿಗಳಿಲ್ಲ! ನಳಿಗೆಯನ್ನು ತೆಗೆಯುವ ಮೊದಲೇ ನಾಲ್ಕೂ ಮತ್ತೆ ಮೂಡಿದವು. ಕುಲುಕಿದರೆ ಮಾಯ, ಸುಮ್ಮನೆ ಇಟ್ಟರೆ ಕೆಲವೇ ಕ್ಷಣಗಳಲ್ಲಿ ಹಾಜರು. ಆ ಪಟ್ಟಿಗಳು ಎಲೆಕ್ಟ್ರಾನು ಹೊತ್ತ ಸೈಟೋಕ್ರೋಮ್‌ನವು. ಕುಲುಕಿದಾಗ ಸೇರಿದ ಗಾಳಿಯ ಆಮ್ಲಜನಕ ಅದರ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತಿತ್ತು. ಆಮ್ಲಜನಕ ಮುಗಿದೊಡನೆ ಸೈಟೋಕ್ರೋಮ್ ಮತ್ತೆ ತುಂಬಿಕೊಳ್ಳುತ್ತಿತ್ತು. ಸಯನೈಡ್ ಬೆರೆಸಿದರೆ ಎಷ್ಟು ಕುಲುಕಿದರೂ ಪಟ್ಟಿಗಳು ಅಳಿಸವು. ಆ ವಿಷ ಕೊಲ್ಲುವುದೂ ಹೀಗೆಯೇ, ಎಲೆಕ್ಟ್ರಾನು ಕೈದಾಟುವ ಸರಪಳಿಯ ಕೊನೆಯ ಕೊಂಡಿಯನ್ನು ಹಿಡಿದುಬಿಡುತ್ತದೆ. ಜೀವಕೋಶ ಉಸಿರಾಡುವುದನ್ನು ಮನುಷ್ಯ ಕಣ್ಣಾರೆ ಕಂಡ ಇಂಥ ಪ್ರಯೋಗಗಳು ನನ್ನ ಮಟ್ಟಿಗೆ ಬಹಳ ಅಪರೂಪ.

ಆದರೆ ಕೀಲಿನ್ ಮೊದಲಿಗರಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ರೋಗಿಗಳನ್ನು ನೋಡಿಕೊಂಡಿದ್ದ ವೈದ್ಯ ಚಾರ್ಲ್ಸ್ ಮ್ಯಾಕ್‌ಮನ್ ಇದೇ ಪಟ್ಟಿಗಳನ್ನು ಕಂಡು 1886ರಲ್ಲೇ ವಿವರವಾಗಿ ಬರೆದಿದ್ದರು, ಉಸಿರಾಟಕ್ಕೆ ಸಂಬಂಧಿಸಿದ್ದೆಂದೂ ಊಹಿಸಿದ್ದರು. ಜರ್ಮನಿಯ ಹೆಸರಾಂತ ರಸಾಯನಜ್ಞ ಹೊಪ್ಪೆ-ಸೈಲರ್ ಅದನ್ನು ಹಿಮೋಗ್ಲೋಬಿನ್ನಿನ ಮುರುಕು ಎಂದು ತಳ್ಳಿಹಾಕಿದರು. ದೊಡ್ಡವರ ಮಾತಿನ ಭಾರಕ್ಕೆ ವಿಷಯ ಮೂಲೆ ಸೇರಿತು. 1911ರಲ್ಲಿ ಮ್ಯಾಕ್‌ಮನ್ ತೀರಿಕೊಂಡರು.

1925ರ ತಮ್ಮ ಪ್ರಬಂಧದಲ್ಲಿ ಕೀಲಿನ್ ಆ ಮರೆತ ವೈದ್ಯನ ಹೆಸರನ್ನೆತ್ತಿ, ಅವರು ಕಂಡದ್ದು ನಿಜವೆಂದು ಬರೆದರು. ತಮ್ಮದೇ ಶೋಧವೆನ್ನಬಹುದಾಗಿತ್ತು, ಅನ್ನಲಿಲ್ಲ.  ಸಭೆಯಲ್ಲಿರುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮಕ್ಕಳಿಗೆ ಈ ಪಾಠ ಮಾಡುವಾಗ ಮ್ಯಾಕ್‌ಮನ್ ಹೆಸರನ್ನೂ ಹೇಳಿ.