ದಂಟಿನ ಗಾಡಿ ಮತ್ತು ನಮ್ಮ ಮಕ್ಕಳ ಕಲಿಕೆ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)





ಈ ವೇದಿಕೆಯಿಂದ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶಗಳ ಕುರಿತು ಮಾತುಗಳು ಬರುತ್ತವೆ. ಅವು ಬೇಕಾದ ಮಾತುಗಳೇ. ನಾನು ಮಾತ್ರ ಇಂದು ಆಟಿಕೆಗಳ ಬಗ್ಗೆ ಮಾತನಾಡಲು ನಿಂತಿದ್ದೇನೆ. ನಮ್ಮ ಕಡೆ 'ಆಟಗಿ ಸಾಮಾನು' ಎನ್ನುತ್ತೇವಲ್ಲ, ಅದೇ. ವಯಸ್ಸಾದ ಮಾಸ್ತರರಿಗೆ ಈಗ ಆಟದ ಹುಚ್ಚು ಹಿಡಿಯಿತೇ ಎಂದು ಕೆಲವರು ನಗಬಹುದು. ನಗಲಿ. ಆದರೆ ಮೊದಲು ನನ್ನದೊಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಆಮೇಲೆ ನಗಬೇಕೋ ಬೇಡವೋ ತಾವೇ ತೀರ್ಮಾನಿಸಿರಿ.

ನಾನು ನೌಕರಿಗೆ ಸೇರಿದ ಹೊಸತು. ಎರೆನಾಡಿನ ಒಂದು ಹಳ್ಳಿಯ ಶಾಲೆ. ಹಿಂಗಾರಿ ಜೋಳದ ಸುಗ್ಗಿ ಮುಗಿದಿತ್ತು. ಆರನೆಯ ತರಗತಿಗೆ ವೃತ್ತದ ಪಾಠ ಮಾಡುತ್ತಿದ್ದೆ. ಕೇಂದ್ರ ಎಂದರೇನು, ತ್ರಿಜ್ಯ ಎಂದರೇನು ಎಂದು ಹಿಂದಿನ ಸಾಲಿನ ಹುಡುಗನೊಬ್ಬನನ್ನು ಕೇಳಿದೆ. ಅವನು ಬಾಯಿ ಬಿಡಲಿಲ್ಲ. ಅವನ ಚೀಲದಿಂದ ಜೋಳದ ದಂಟಿನ ಗಾಡಿಯೊಂದು ಹೊರಗೆ ಇಣುಕುತ್ತಿತ್ತು. "ಓದೂದು ಬಿಟ್ಟು ಇದನ್ನ ಮಾಡ್ತೀಯೇನೋ?" ಎಂದು ಗದರಿಸಿ, ಅದನ್ನು ಕಿತ್ತುಕೊಂಡು, ಮುರಿದು ಕಿಟಕಿಯಿಂದಾಚೆ ಎಸೆದೆ. ಹುಡುಗರೆಲ್ಲ ನಕ್ಕರು. ಅವನು ಅಳಲಿಲ್ಲ, ತಲೆ ತಗ್ಗಿಸಿ ನಿಂತ.

ಸಂಜೆ ಶಾಲೆ ಬಿಟ್ಟ ಮೇಲೆ ಕಿಟಕಿಯ ಹೊರಗೆ ಆ ಗಾಡಿಯ ಗಾಲಿ ಬಿದ್ದಿರುವುದನ್ನು ಕಂಡೆ. ಹರಿದ ರಬ್ಬರ್ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಮಾಡಿದ ಗಾಲಿ. ಅದರ ಮೇಲೆ ಪೆನ್ನಿನಿಂದ ಎರಡು ಗೆರೆ ಎಳೆದಿದ್ದ. ಎರಡೂ ಗೆರೆ ಕೂಡುವಲ್ಲಿ ಸರಿಯಾಗಿ ತೂತು ಕೊರೆದಿದ್ದ. ತೂತು ನಡುವಿಗೆ ಬೀಳದಿದ್ದರೆ ಗಾಲಿ ಕುಂಟುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನಾನು ಹಲಗೆಯ ಮೇಲೆ ಬರೆದ ವ್ಯಾಸವನ್ನೂ ಕೇಂದ್ರವನ್ನೂ ಅವನು ತನ್ನ ಕೈಯಿಂದ ಹುಡುಕಿದ್ದ. ಅವನಿಗೆ ಇಲ್ಲದೇ ಇದ್ದದ್ದು ಅವುಗಳ ಹೆಸರು ಮಾತ್ರ. ಆ ಹೆಸರು ಕೊಡಬೇಕಾದವನು ನಾನು. ಅದನ್ನು ಬಿಟ್ಟು ಗಾಡಿ ಮುರಿದೆ.

ಮರುವರ್ಷ ಆ ಹುಡುಗ ಶಾಲೆ ಬಿಟ್ಟ. ಮನೆಯಲ್ಲಿ ಬಡತನವಿತ್ತು, ಕಾರಣ ಹಲವಿದ್ದವು. ಗಾಡಿ ಮುರಿದದ್ದರಿಂದಲೇ ಬಿಟ್ಟ ಎಂದು ನಾನು ಹೇಳಲಾರೆ. ಆದರೆ ಅವನನ್ನು ಪಾಠದೊಳಗೆ ಕರೆತರಲು ಬಾಗಿಲೊಂದು ತೆರೆದಿತ್ತು, ಅದನ್ನು ಮುಚ್ಚಿದವನು ನಾನೇ. ಇಂದಿನ ನನ್ನ ಮಾತೆಲ್ಲ ಇದರಿಂದಲೇ ಹುಟ್ಟಿದ್ದು.

ಬಂಧುಗಳೇ, ಆಟಿಕೆ ಎಂದರೆ ಪೇಟೆಯ ಪ್ಲಾಸ್ಟಿಕ್ ಕಾರು ಎಂದು ನಾವು ತಿಳಿದಿದ್ದೇವೆ. ನಮ್ಮ ನೆಲದಲ್ಲಿ ಆಟಿಕೆ ಹೊಲದಿಂದ ಬರುತ್ತಿತ್ತು. ದಂಟಿನ ಸಿಪ್ಪೆ ಸುಲಿದರೆ ಗಟ್ಟಿಯಾದ ಸೀಳು, ಒಳಗೆ ಹಗುರಾದ ಬೆಂಡು. ಸೀಳನ್ನು ಮೊಳೆಯಂತೆ ಬೆಂಡಿಗೆ ಚುಚ್ಚಿದರೆ ಗಾಡಿ, ಎತ್ತು, ಕನ್ನಡಕ, ಏನೂ ಆಗುತ್ತದೆ. ಜೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯ ಎರೆಮಣ್ಣಿನಲ್ಲಿ ಎತ್ತು ಮಾಡುವ ದಿನ. ಪೂಜೆ ನೆರೆಮನೆಯವರದು. ಆದರೆ ಮಣ್ಣು ತರುವುದು, ಕಲಸುವುದು ಓಣಿಯ ಹುಡುಗರೆಲ್ಲರ ಕೆಲಸ, ಅದರಲ್ಲಿ ನಮ್ಮ ಮನೆಯ ಹುಡುಗರೂ ಇರುತ್ತಿದ್ದೆವು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿಸಿಲಿಗಿಟ್ಟ ಎತ್ತು ಸೀಳುತ್ತದೆ, ನೆರಳಿಗಿಟ್ಟದ್ದು ಉಳಿಯುತ್ತದೆ. ಇದನ್ನು ನಮಗೆ ಯಾವ ಪುಸ್ತಕವೂ ಹೇಳಿರಲಿಲ್ಲ, ಎರಡು ಎತ್ತು ಒಡೆದ ಮೇಲೆ ನಾವೇ ಕಲಿತೆವು. ಸಿಂಧೂ ಕಣಿವೆಯ ಹರಪ್ಪದಲ್ಲಿಯೂ ಮಣ್ಣಿನ ಆಟಿಕೆ ಗಾಡಿಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಮಗುವೂ ನಮ್ಮ ಮಗುವೂ ಒಂದೇ ಆಟ ಆಡಿದ್ದಾರೆ.

ನಮ್ಮ ಜಿಲ್ಲೆಯ ಕುಶಲಕರ್ಮಿಗಳೂ ಮಗುವನ್ನು ಮರೆತವರಲ್ಲ. ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಸಾಗವಾನಿಯಲ್ಲಿ ಮಾಡಿ, ಅರಗಿನ ಬಣ್ಣ ಹಚ್ಚಿ, ಮೈತುಂಬ ಚಿತ್ರ ಬರೆಯುತ್ತಾರೆ. ಮಗು ಮಾತು ಕಲಿಯುವ ಮೊದಲೇ ಅದರ ಕಣ್ಣಿಗೆ ಬಣ್ಣ ಬೇಕು, ಆಕಾರ ಬೇಕು ಎಂಬ ತಿಳಿವಳಿಕೆ ಆ ಕೆಲಸದಲ್ಲಿದೆ.

ನವಲಗುಂದದ ಜಮಖಾನವನ್ನಂತೂ ನಾವು ಮರೆಯಬಾರದು. ಅದನ್ನು ಮಗ್ಗದಲ್ಲಿ ನೇಯ್ದವರು ನಮ್ಮ ತಾಯಂದಿರು, ಅಕ್ಕಂದಿರು. ವಿಜಾಪುರದಿಂದ ಬಂದು ನೆಲೆಸಿದ ಮನೆತನಗಳ ಕಸುಬು ಎಂದು ಹಿರಿಯರು ಹೇಳುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದರ ಹೆಸರಾಂತ ವಿನ್ಯಾಸಗಳಲ್ಲಿ ಒಂದು ನವಿಲು, ಇನ್ನೊಂದು ಪಗಡೆಯ ಹಾಸು. ಪಣವಿಟ್ಟು ಆಡುವ ಜೂಜಿನ ಮಾತನ್ನು ನಾನಿಲ್ಲಿ ಆಡುತ್ತಿಲ್ಲ, ಅದು ನಮಗೆ ಸಲ್ಲದು. ನಾನು ಹೇಳುವುದು ಆ ಹಾಸಿನ ಲೆಕ್ಕ. ನಾಲ್ಕು ತೋಳು, ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 96. ಇದನ್ನು ಎಳೆ ಎಣಿಸಿ, ನಾಲ್ಕೂ ಕಡೆ ಸರಿಸಮವಾಗಿ ನೇಯಬೇಕು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಸಮಮಿತಿಯ ಗಣಿತವನ್ನು ನೂಲಿನಲ್ಲಿ ಬರೆದರು. ಇಂದು ಈ ಕಸುಬಿನಲ್ಲಿ ಉಳಿದವರು ತೀರ ಕಡಿಮೆ. ಅವರಲ್ಲಿ ಒಬ್ಬರನ್ನು ಶಾಲೆಗೆ ಕರೆಸಿ ಮಕ್ಕಳಿಗೆ ಒಂದು ದಿನ ಪಾಠ ಹೇಳಿಸಿದರೆ, ಅದೇ ದೊಡ್ಡ ಗಣಿತ ಮೇಳ.

"ಆಟ ಸರಿ ಮಾಸ್ತರರೇ, ಆದರೆ ಧರ್ಮ ಏನೆನ್ನುತ್ತದೆ?" ಎಂದು ಕೆಲ ಹಿರಿಯರು ಕೇಳುವುದುಂಟು. ಸಹೀಹ್ ಬುಖಾರಿಯಲ್ಲಿ ಬರುವ ಪ್ರಸಂಗ ತಮಗೆ ಗೊತ್ತಿದೆ. ಹಝ್ರತ್ ಅನಸ್ (ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯೊಡನೆ ಆಡುತ್ತಿದ್ದ. ಪ್ರವಾದಿ ಮುಹಮ್ಮದ್ (ಸ) ಆ ಬಾಲಕನನ್ನು ಕಂಡಾಗ, ಹಕ್ಕಿ ಏನಾಯಿತು ಎಂದು ಅವನ ಹೆಸರಿಗೆ ಪ್ರಾಸ ಕೂಡಿಸಿ ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಹಝ್ರತ್ ಆಯಿಶಾ (ರ) ಗೆಳತಿಯರೊಡನೆ ಗೊಂಬೆ ಆಡುತ್ತಿದ್ದುದನ್ನು ತಡೆಯಲಿಲ್ಲವೆಂದೂ ಅದೇ ಗ್ರಂಥದಲ್ಲಿದೆ. ಅಷ್ಟು ಹೊಣೆ ಹೊತ್ತವರಿಗೆ ಮಗುವಿನ ಆಟ ವಿಚಾರಿಸಲು ಪುರುಸೊತ್ತು ಇತ್ತು. ನಮಗೇಕೆ ಇಲ್ಲ?

ಹೊರಗಿನ ಜಗತ್ತೂ ಇದೇ ಮಾತಿಗೆ ಬಂದಿದೆ. 1837ರಲ್ಲಿ ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣ ತಜ್ಞರು ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದು, ನೂಲಿನ ಚೆಂಡು, ಮರದ ಗುಂಡು, ಘನ, ಉರುಳೆಗಳನ್ನು ಕೊಟ್ಟು ಕಲಿಸಿದರು. ಇಂದಿನ ಕಿಂಡರ್‌ಗಾರ್ಟನ್ ಹುಟ್ಟಿದ್ದು ಹಾಗೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಎಂದಿತು. ಭಾರತ 1992ರಲ್ಲಿ ಅದನ್ನು ಒಪ್ಪಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪಟ್ಟಿಯಲ್ಲಿ ಆಟದ ಬಯಲೂ ಆಟದ ಸಾಮಗ್ರಿಯೂ ಸೇರಿವೆ. ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ಅವರು ಬಳಸುವುದು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆ ಪತ್ರಿಕೆ. ನಮ್ಮ ಹುಡುಗ ಬಳಸಿದ್ದು ದಂಟು ಮತ್ತು ಚಪ್ಪಲಿ. ವ್ಯತ್ಯಾಸವೇನು?

ಹಾಗಾದರೆ ಒಳ್ಳೆಯ ಆಟಿಕೆ ಯಾವುದು? ನನ್ನ ಅನುಭವದ ಅಳತೆ ಇಷ್ಟೇ: ಆಟಿಕೆ ಕಡಿಮೆ ಕೆಲಸ ಮಾಡಬೇಕು, ಮಗು ಹೆಚ್ಚು ಮಾಡಬೇಕು. ಗುಂಡಿ ಒತ್ತಿದರೆ ತಾನೇ ಓಡಿ, ತಾನೇ ಹಾಡುವ ಆಟಿಕೆಯ ಮುಂದೆ ಮಗು ಬರೀ ನೋಡುಗ. ಮರದ ನಾಲ್ಕು ತುಂಡು ಕೊಟ್ಟು ನೋಡಿ, ಇಂದು ಮನೆ, ನಾಳೆ ಬಸ್ಸು, ನಾಡಿದ್ದು ಸೇತುವೆ. ಮೊಬೈಲ್ ವಿಷಯವೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು. ಊಟ ಮಾಡಿಸಲು ಮೊಬೈಲ್ ಹಿಡಿಸುವ ತಾಯಂದಿರು ಇದನ್ನು ಗಮನಿಸಬೇಕು.

ಜಾತ್ರೆಯಲ್ಲಿ ಆಟಿಕೆ ಕೊಳ್ಳುವಾಗಲೂ ಎಚ್ಚರ ಬೇಕು. 2021ರ ಜನವರಿ 1ರಿಂದ ಕಾರ್ಖಾನೆಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅಗ್ಗದ ಬಣ್ಣದಲ್ಲಿ ಸೀಸವಿದ್ದರೆ ಅದು ಮಗುವಿನ ಮಿದುಳಿಗೆ ವಿಷ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಗೋಲಿ, ಗುಂಡಿಯಾಕಾರದ ಬ್ಯಾಟರಿ, ಬಾಯಿಗೆ ಹಿಡಿಯುವ ಯಾವ ಸಣ್ಣ ವಸ್ತುವನ್ನೂ ಕೊಡಬೇಡಿ.

ಇನ್ನೊಂದು ಮಾತನ್ನು ತಾಯಂದಿರಲ್ಲಿಯೂ ತಂದೆಯರಲ್ಲಿಯೂ ವಿನಂತಿಸುತ್ತೇನೆ. ನಮ್ಮ ಓಣಿಗಳಲ್ಲಿ ಗಂಡುಹುಡುಗರ ಆಟ ಹದಿನೈದು ವರ್ಷದವರೆಗೂ ನಡೆಯುತ್ತದೆ. ಹೆಣ್ಣುಹುಡುಗಿಯ ಆಟ ಒಂಬತ್ತಕ್ಕೇ ಮುಗಿಯುತ್ತದೆ. ಅವಳ ಕಂಕುಳಿಗೆ ತಮ್ಮನೋ ತಂಗಿಯೋ ಬರುತ್ತದೆ, ಕೈಗೆ ಕಸಬರಿಗೆ ಬರುತ್ತದೆ. ಆಣೆಕಲ್ಲು ಆಡುವ ಹುಡುಗಿಯನ್ನು ಒಮ್ಮೆ ನಿಂತು ನೋಡಿರಿ. ಕಲ್ಲು ಮೇಲೆ ಹೋಗಿ ಕೆಳಗೆ ಬರುವುದರೊಳಗೆ ನೆಲದ ಮೇಲಿನ ಮೂರು ಕಲ್ಲು ಬಾಚಬೇಕು. ಕಣ್ಣು, ಕೈ, ಎಣಿಕೆ ಮೂರೂ ಒಟ್ಟಿಗೆ ನಡೆಯುತ್ತವೆ. ಅವಳನ್ನು ಅಲ್ಲಿಂದ ಎಬ್ಬಿಸಿ ಕರೆದಾಗ, ಬರೀ ಆಟ ನಿಲ್ಲಿಸಿದೆವು ಎಂದು ತಿಳಿಯಬೇಡಿ. ದಿನಕ್ಕೆ ಒಂದು ತಾಸು ಅವಳದೇ ಆಗಿರಲಿ.

ಸಂಸ್ಥೆಯ ಮುಂದೆ ನನ್ನ ಬೇಡಿಕೆ ಮೂರು. ಒಂದು, ನಾವು ನಡೆಸುವ ಸಂಜೆ ತರಗತಿಗಳಲ್ಲಿ ಮೊದಲ ಅರ್ಧ ತಾಸು ಆಟಕ್ಕೆ ಮೀಸಲಾಗಲಿ, ಪರೀಕ್ಷೆಯ ತಿಂಗಳಲ್ಲಿಯೂ ಅದನ್ನು ಕಡಿಯಬಾರದು. ಎರಡು, ಪ್ರತಿ ಕೇಂದ್ರಕ್ಕೆ ಒಂದು ಆಟಿಕೆ ಪೆಟ್ಟಿಗೆ ಇರಲಿ. ಅದನ್ನು ಕೊಳ್ಳಬೇಕಾಗಿಲ್ಲ, ಬಡಿಗೇರ ಅಂಗಡಿಯಲ್ಲಿ ಉಳಿದ ಮರದ ತುಂಡು, ನೂಲಿನ ಉಂಡೆ, ಹುಣಸೆ ಬೀಜ, ಕವಡೆ, ಖಾಲಿ ಡಬ್ಬಿ ಸಾಕು. ಮೂರು, ವರ್ಷಕ್ಕೊಮ್ಮೆ ಮಕ್ಕಳು ತಾವೇ ಮಾಡಿದ ಆಟಿಕೆಗಳ ಪ್ರದರ್ಶನ ನಡೆಯಲಿ. ಹೆಚ್ಚು ಅಂಕ ಪಡೆದವರನ್ನು ಸನ್ಮಾನಿಸುವ ಈ ವೇದಿಕೆಯ ಮೇಲೆಯೇ ಅವರಿಗೂ ಬಹುಮಾನ ಸಿಗಲಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸ. ಈ ರಜೆಯಲ್ಲಿ ನಿಮ್ಮ ತಮ್ಮನಿಗೋ ತಂಗಿಗೋ ಒಂದು ಆಟಿಕೆ ಮಾಡಿಕೊಡಿ. ಹೇಗೆಂದು ತಿಳಿಯದಿದ್ದರೆ ಅಜ್ಜನನ್ನು ಕೇಳಿ, ದಾದಿಯನ್ನು ಕೇಳಿ. ಅವರ ಮುಖ ಅರಳುವುದನ್ನು ನೋಡುವಿರಿ.

ಶಿಕ್ಷಕ ಬಂಧುಗಳೇ, ನಾಳೆ ನಿಮ್ಮ ತರಗತಿಯಲ್ಲಿ ಯಾವುದಾದರೂ ಹುಡುಗನ ಚೀಲದಿಂದ ದಂಟಿನ ಗಾಡಿ ಇಣುಕಿದರೆ, ಕಿತ್ತುಕೊಳ್ಳಲು ಕೈ ಚಾಚಬೇಡಿ. ಅವನನ್ನು ಹಲಗೆಯ ಹತ್ತಿರ ಕರೆದು, "ಗಾಲಿಯ ನಡುವು ಹೆಂಗ ಹುಡುಕಿದೆಪಾ, ಎಲ್ಲರಿಗೂ ತೋರಿಸು" ಎಂದು ಕೇಳಿರಿ. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ನನ್ನ ಪರವಾಗಿ ನೀವು ಕೇಳಿರಿ.